ಒಂದು ಒಳ್ಳೆ ಸ್ಲೋಗನ್ ಇದ್ದರೆ ಸರಕು ಓಡುತ್ತದೆಯೇ?

ಪ್ರಶ್ನೆ: ನಾವು ಮನೆಯಲ್ಲೇ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇವೆ. ತಿಂದವರೆಲ್ಲ ಚೆನ್ನಾಗಿದೆ ಅಂತಾರೆ, ಆದರೆ ವ್ಯಾಪಾರ ಕುದುರುತ್ತಿಲ್ಲ. ನಿರ್ಮಾ ಥರ ಜನರ ಬಾಯಲ್ಲಿ ನಿಲ್ಲೋ ಒಂದು ಸ್ಲೋಗನ್ ಇದ್ದರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಅಂಥ ಸಾಲನ್ನು ಹೇಗೆ ಬರೆಯೋದು?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಒಮ್ಮೆ ಗಾಣದ ಎಣ್ಣೆಗೆ, ಒಮ್ಮೆ ಟ್ಯೂಷನ್ ಸೆಂಟರಿಗೆ, ಒಮ್ಮೆ ದರ್ಶಿನಿಗೆ. ಸಾಲು ಬರೆಯುವ ಬಗೆ ಕೆಳಗಿದೆ, ಅದೇನು ಬ್ರಹ್ಮವಿದ್ಯೆಯಲ್ಲ. ಆದರೆ ಪ್ರಶ್ನೆಯೊಳಗೇ ಒಂದು ತಪ್ಪು ತಿಳಿವಳಿಕೆ ಕೂತಿದೆ: ನಿರ್ಮಾವನ್ನು ಗೆಲ್ಲಿಸಿದ್ದು ಅದರ ಹಾಡು ಅಂತ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಅದನ್ನು ಬುಡಸಮೇತ ಕೀಳದೆ ಮುಂದೆ ಹೋದರೆ, ನೀವು ಡಿಸೈನರಿಗೆ ದುಡ್ಡು ಕೊಟ್ಟು ಪೌಚ್ ಮೇಲೆ ಸಾಲು ಅಚ್ಚು ಹಾಕಿಸುತ್ತೀರಿ, ಆರು ತಿಂಗಳಾದ ಮೇಲೆ ಸ್ಲೋಗನ್ ಸರಿ ಇರಲಿಲ್ಲ ಅಂತ ಇನ್ನೊಂದನ್ನು ಹುಡುಕುತ್ತೀರಿ.

1969ರಲ್ಲಿ, ನಿರ್ಮಾ ಹುಟ್ಟುಹಾಕಿದ ಕರ್ಸನ್‌ಭಾಯಿ ಪಟೇಲ್ ಗುಜರಾತ್ ಸರ್ಕಾರದ ಭೂವಿಜ್ಞಾನ ಮತ್ತು ಗಣಿ ಇಲಾಖೆಯಲ್ಲಿ ಕೆಮಿಸ್ಟ್ ಆಗಿದ್ದರು. ಬಿಡುವಿನಲ್ಲಿ ಮನೆಯಲ್ಲೇ ಬಟ್ಟೆ ಒಗೆಯುವ ಪುಡಿ ಕಲಸಿ, ಸೈಕಲ್ ಮೇಲೆ ಹೇರಿಕೊಂಡು ಅಹಮದಾಬಾದಿನಲ್ಲಿ ಮನೆಮನೆಗೆ ಮಾರಿದರು. ಬೆಲೆ ಕಿಲೋಗೆ 3 ರೂಪಾಯಿ. ಆಗ ಸರ್ಫ್ ಕಿಲೋಗೆ 13 ರೂಪಾಯಿಗೂ ಮೇಲಿತ್ತು. ಕಥೆಯ ತಿರುಳು ಈ ಎರಡು ಸಂಖ್ಯೆಗಳಲ್ಲೇ ಇದೆ. ಸಾಬೂನಿನ ಬಾರ್ ಉಜ್ಜಿ ಬಟ್ಟೆ ಒಗೆಯುತ್ತಿದ್ದ ಮನೆಗಳಿಗೆ ಪುಡಿ ಎನ್ನುವುದು ಅನುಕೂಲಸ್ಥರ ವಸ್ತುವಾಗಿತ್ತು. ಕಾಲು ಭಾಗಕ್ಕಿಂತ ಕಡಿಮೆ ಬೆಲೆಗೆ ಅದು ಬಾಗಿಲಿಗೇ ಬಂದಾಗ ಹಾಡು ಹೇಳಿ ಒಪ್ಪಿಸುವ ಅಗತ್ಯ ಬೀಳಲಿಲ್ಲ.

ಅಷ್ಟು ಅಗ್ಗ ಹೇಗೆ ಸಾಧ್ಯವಾಯಿತು? ಪುಡಿಯಲ್ಲಿ ಹೆಚ್ಚಿನ ಪಾಲು ಸೋಡಾ ಆ್ಯಷ್, ಅಂದರೆ ಒಗೆಯುವ ಸೋಡಾ. ಬೆಳ್ಳಗೆ ಹೊಳೆಯಿಸುವ ರಾಸಾಯನಿಕವಿಲ್ಲ, ಸುಗಂಧವಿಲ್ಲ. ಕೈಗೆ ಒರಟು ಎಂಬ ದೂರೂ ಇತ್ತು. ವಿದ್ಯುತ್ ಯಂತ್ರವಿಲ್ಲದೆ ಕೈಯಲ್ಲೇ ಕಲಸುತ್ತಿದ್ದುದರಿಂದ ಅಬಕಾರಿ ಸುಂಕದ ವಿನಾಯಿತಿ ಸಿಕ್ಕಿತು. ದುಬಾರಿ ರಟ್ಟಿನ ಡಬ್ಬಿಯ ಬದಲು ಪ್ಲಾಸ್ಟಿಕ್ ಚೀಲ ಬಂತು. ರೇಡಿಯೋದಲ್ಲಿ ಆ ಹಾಡು ಕೇಳಿಸತೊಡಗಿದ್ದು 1970ರ ದಶಕದ ನಡುವಿನಲ್ಲಿ, ಟಿ.ವಿ.ಗೆ ಬಂದದ್ದು ಅದಕ್ಕೂ ಆಮೇಲೆ. ಅಷ್ಟು ಹೊತ್ತಿಗಾಗಲೇ ಪುಡಿ ಗುಜರಾತಿನಲ್ಲಿ ಬೇರು ಬಿಟ್ಟಾಗಿತ್ತು. ಕೊಂಡು ಬಳಸುತ್ತಿದ್ದ ವಸ್ತುವಿಗೆ ಹಾಡು ದೇಶದಾದ್ಯಂತ ಗುರುತು ತಂದುಕೊಟ್ಟಿತು. ಅದು ಸಣ್ಣ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಎರಡನೆಯ ಕೆಲಸ.

ಇನ್ನೂ ಅನುಮಾನವಿದ್ದರೆ ಎದುರು ಪಾಳೆಯವನ್ನು ನೋಡಿ. ನಿರ್ಮಾ ಹೊಡೆತಕ್ಕೆ ಸರ್ಫ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಲಿವರ್ ಮೊದಲು ಕೊಟ್ಟ ಉತ್ತರ ಒಂದು ಜಾಹೀರಾತು: ಲಲಿತಾಜಿ. ಜಾಹೀರಾತು ಸಂಸ್ಥೆ ಲಿಂಟಾಸ್‌ನ ಆಲಿಕ್ ಪದಮ್‌ಸೀ ಕಲ್ಪಿಸಿದ, ಕವಿತಾ ಚೌಧರಿ ನಟಿಸಿದ ಆ ಗೃಹಿಣಿ, ಅಗ್ಗದ ಸರಕು ಬೇರೆ ಒಳ್ಳೆಯ ಸರಕು ಬೇರೆ ಎಂದು ದೂರದರ್ಶನದಲ್ಲಿ ಗದರಿ ಹೇಳುತ್ತಿದ್ದಳು. ಭಾರತದ ಜಾಹೀರಾತುಗಳಲ್ಲಿ ಅದಕ್ಕಿಂತ ಚೆನ್ನಾಗಿ ಬರೆದ ವಾದ ಸಿಗುವುದು ಕಷ್ಟ. ಇವತ್ತಿಗೂ ಜನ ಆಕೆಯನ್ನು ಹೆಸರು ಹಿಡಿದು ನೆನೆಯುತ್ತಾರೆ. ಸರ್ಫ್ ಕೊಳ್ಳುತ್ತಿದ್ದವರನ್ನು ಹಿಡಿದಿಡಲು ಅದು ನೆರವಾಯಿತು. ಆದರೆ ನಿರ್ಮಾ ನಿಲ್ಲಲಿಲ್ಲ. ಅದಕ್ಕೆ ತಡೆಯೊಡ್ಡಲು ಕಂಪನಿ 1980ರ ದಶಕದ ಕೊನೆಯ ಭಾಗದಲ್ಲಿ ವೀಲ್ ಎಂಬ ಅಗ್ಗದ ಪುಡಿಯನ್ನೇ ತರಬೇಕಾಯಿತು. ಬೇರೆ ಪಾಕ, ಬೇರೆ ತಯಾರಿಕಾ ವ್ಯವಸ್ಥೆ, ಬೇರೆ ವಿತರಣೆ. ಮಾತಿನಿಂದ ಆಗದ ಕೆಲಸ ಬೆಲೆಯಿಂದ ಆಯಿತು. ಆಮೇಲೆ ಕಾನ್ಪುರದ ಘಡಿ ಎಂಬ ಅಗ್ಗದ ಪುಡಿಯೂ ಬಂತು. ಹೇಮಾ, ರೇಖಾ, ಜಯಾ, ಸುಷ್ಮಾ ಎಂದು ಶುರು ಮಾಡಿದರೆ ಮುಂದಿನದನ್ನು ಹಾಡಬಲ್ಲವರು ಇಂದು ಕೋಟಿಗಟ್ಟಲೆ ಇದ್ದಾರೆ. ಅವರಲ್ಲಿ ಎಷ್ಟು ಜನರ ಬಚ್ಚಲಮನೆಯಲ್ಲಿ ನಿರ್ಮಾ ಪುಡಿ ಇದೆ, ನೀವೇ ಅಕ್ಕಪಕ್ಕದಲ್ಲಿ ವಿಚಾರಿಸಿ.

ವಿದೇಶದ ಉದಾಹರಣೆ ಕೇಳುವವರಿಗೆ ವಜ್ರದ ಕಂಪನಿ ಡಿ ಬಿಯರ್ಸ್ ಇದೆ. ‘ಎ ಡೈಮಂಡ್ ಈಸ್ ಫಾರೆವರ್’ (ವಜ್ರ ಎಂದೆಂದಿಗೂ) ಎಂಬ ಅದರ ಸಾಲನ್ನು ಅಮೆರಿಕದ ಪತ್ರಿಕೆ ಅಡ್ವರ್ಟೈಸಿಂಗ್ ಏಜ್ ಇಪ್ಪತ್ತನೇ ಶತಮಾನದ ಅತ್ಯುತ್ತಮ ಘೋಷವಾಕ್ಯ ಎಂದು ಆರಿಸಿತು. ಬರೆದವರು ಎನ್.ಡಬ್ಲ್ಯು. ಏಯರ್ ಏಜೆನ್ಸಿಯ ಫ್ರಾನ್ಸಿಸ್ ಗೆರೆಟಿ, 1947ರಲ್ಲಿ. ಆ ಒಂದೇ ಸಾಲು ಅಮೆರಿಕದ ಹೆಣ್ಣುಗಳ ಬೆರಳಿಗೆಲ್ಲ ವಜ್ರ ಹಾಕಿಸಿತು ಎಂದು ಮಾರ್ಕೆಟಿಂಗ್ ತರಗತಿಗಳಲ್ಲೂ ಹೇಳಿಬಿಡುತ್ತಾರೆ. ಇಸವಿ ನೋಡುವ ಅಭ್ಯಾಸ ಬೇಕು. ಡಿ ಬಿಯರ್ಸ್ ಮುಖ್ಯಸ್ಥರ ಮಗ ಹ್ಯಾರಿ ಒಪನ್‌ಹೈಮರ್ ನ್ಯೂಯಾರ್ಕಿಗೆ ಹೋಗಿ ಏಯರ್ ಏಜೆನ್ಸಿಯನ್ನು ಕಂಡದ್ದು 1938ರಲ್ಲಿ. ಸಿನಿಮಾ ತಾರೆಯರ ಉಂಗುರಗಳ ಸುದ್ದಿ ಪತ್ರಿಕೆಗಳಲ್ಲಿ ಬರುವಂತೆ ನೋಡಿಕೊಳ್ಳುವುದು, ದೊಡ್ಡ ಕಲಾವಿದರ ಚಿತ್ರಗಳಿದ್ದ ಬಣ್ಣದ ಜಾಹೀರಾತು ಹೀಗೆ ಕೆಲಸ ಶುರುವಾಗಿ, 1941ರ ಹೊತ್ತಿಗೆ ಅಮೆರಿಕದಲ್ಲಿ ವಜ್ರದ ಮಾರಾಟ ಶೇ. 55ರಷ್ಟು ಏರಿತ್ತು. ಸಾಲು ಹುಟ್ಟಲು ಆಗ ಇನ್ನೂ ಆರು ವರ್ಷ ಬಾಕಿ!

ಬೆಲೆಯನ್ನು ಎತ್ತಿ ಹಿಡಿದದ್ದಂತೂ ಸಾಲು ಅಲ್ಲವೇ ಅಲ್ಲ. ಜಗತ್ತಿನ ಕಚ್ಚಾ ವಜ್ರದ ಬಹುಪಾಲು ಡಿ ಬಿಯರ್ಸ್ ಕೈ ಮೂಲಕವೇ ಹೋಗುತ್ತಿತ್ತು. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು ಹತ್ತು ಸಲ, ಆಯ್ದ ಕೆಲವು ವ್ಯಾಪಾರಿಗಳಿಗೆ ಮಾತ್ರ ಪೆಟ್ಟಿಗೆ ಕೊಡುತ್ತಿದ್ದರು: ಹೇಳಿದ ಬೆಲೆಗೆ ಇಡೀ ಪೆಟ್ಟಿಗೆ ತೆಗೆದುಕೋ, ಇಲ್ಲವೇ ಬಿಡು. ಬೇಡಿಕೆ ಕುಗ್ಗಿದರೆ ಸರಕನ್ನು ತಿಜೋರಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. 2000ದ ಹೊತ್ತಿಗೆ ಆ ಏಕಸ್ವಾಮ್ಯ ಸಡಿಲವಾಯಿತು, ಆಮೇಲೆ ಪ್ರಯೋಗಾಲಯದ ವಜ್ರ ಅಗ್ಗವಾಗಿ ಬಂತು, 2022ರಿಂದೀಚೆಗೆ ಗಣಿಯ ವಜ್ರದ ಬೆಲೆಯೂ ಇಳಿಯಿತು. 2025ರ ಫೆಬ್ರವರಿಯಲ್ಲಿ ಮಾತೃಸಂಸ್ಥೆ ಆ್ಯಂಗ್ಲೋ ಅಮೆರಿಕನ್ ತನ್ನ ಲೆಕ್ಕಪತ್ರದಲ್ಲಿ ಡಿ ಬಿಯರ್ಸ್‌ನ ಮೌಲ್ಯವನ್ನು 290 ಕೋಟಿ ಡಾಲರ್ ತಗ್ಗಿಸಿತು. ಸಾಲಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅಂದಹಾಗೆ, ನಮ್ಮ ಕಡೆಯ ವಜ್ರದ ಓಲೆ, ಮೂಗುಬಟ್ಟುಗಳಿಗೆ ಈ ಸಾಲಿನ ಹಂಗೇ ಇಲ್ಲ. ಅವು ಅದಕ್ಕಿಂತ ಬಹಳ ಹಳೆಯವು.

ಕ್ಯಾಲಿಫೋರ್ನಿಯಾದ ಹಾಲಿನ ಮಂಡಳಿಯ ‘ಗಾಟ್ ಮಿಲ್ಕ್?’ (ಹಾಲಿದೆಯಾ?) ಕೂಡ ಇದೇ ಜಾತಿ. 1993ರಿಂದ ಅಮೆರಿಕದಲ್ಲಿ ಅದನ್ನು ಅನುಕರಿಸದವರಿಲ್ಲ, ಆದರೆ ಅಲ್ಲಿ ತಲಾ ಹಾಲು ಸೇವನೆ ದಶಕಗಳ ಕಾಲ ಇಳಿಯುತ್ತಲೇ ಹೋಯಿತು.

ಹಾಗಾದರೆ ಸ್ಲೋಗನ್ ದಂಡವೇ? ಖಂಡಿತ ಅಲ್ಲ. ಗಿರಾಕಿಗೆ ಈಗಾಗಲೇ ಆಗಿರುವ ಒಳ್ಳೆಯ ಅನುಭವಕ್ಕೆ ಸಾಲು ಒಂದು ಹಿಡಿಕೆ. ಎರಡನೇ ಸಲ ಅಂಗಡಿಗೆ ಹೋದಾಗ ಇದೇ ಬೇಕು ಎಂದು ಕೇಳಲು, ಪಕ್ಕದ ಮನೆಯವರಿಗೆ ಹೇಳಲು ಅದು ಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. ಅಮುಲ್ ಬೆಣ್ಣೆಯ ‘ಅಟರ್ಲಿ ಬಟರ್ಲಿ’ ಸಾಲೂ ಚುಕ್ಕಿ ಫ್ರಾಕಿನ ಹುಡುಗಿಯೂ 1966ರಿಂದ ಇವೆ. ಸಿಲ್ವೆಸ್ಟರ್ ಡಾಕುನ್ಹಾ ತಂಡ ಹೋರ್ಡಿಂಗಿನ ವಿಷಯವನ್ನು ಬದಲಿಸುತ್ತಾ ಬಂತು, ಆದರೆ ಹುಡುಗಿಯನ್ನು ಮುಟ್ಟಲಿಲ್ಲ. ಅದರ ಬೆನ್ನಿಗೆ 1946ರಲ್ಲಿ ಶುರುವಾದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘವಿತ್ತು, ಊರೂರಿಗೆ ಬೆಣ್ಣೆ ತಲುಪಿಸುವ ಜಾಲವಿತ್ತು. ಇನ್ನು ಕೆಲವು ಸಾಲುಗಳು ಸರಕನ್ನೇ ಬಿಟ್ಟು ಹೊರಟುಹೋಗುತ್ತವೆ. ‘ಯೇ ದಿಲ್ ಮಾಂಗೇ ಮೋರ್’ ಪೆಪ್ಸಿಗಾಗಿ ಬರೆದದ್ದು. 1999ರ ಕಾರ್ಗಿಲ್ ಯುದ್ಧದಲ್ಲಿ ಪಾಯಿಂಟ್ 5140 ಗೆದ್ದ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅದನ್ನು ವಿಜಯದ ಸಂಕೇತವಾಗಿ ಹೇಳಿದ ಮೇಲೆ, ಆ ಮಾತು ಅವರದ್ದಾಯಿತು.

ಈಗ ನಿಮ್ಮ ಪುಡಿ. ಮೊದಲು ಎರಡನೇ ಸಲ ಕೊಂಡವರ ಪಟ್ಟಿ ಮಾಡಿ. ಆ ಪಟ್ಟಿ ಚಿಕ್ಕದಿದ್ದರೆ ದೋಷ ರುಚಿಯಲ್ಲೋ ಬೆಲೆಯಲ್ಲೋ ಇದೆ, ಅಥವಾ ಬೇಕೆಂದಾಗ ಅಂಗಡಿಯಲ್ಲಿ ಸಿಗುತ್ತಿಲ್ಲ. ಸ್ಲೋಗನ್ ಅಲ್ಲಿಗೇ ಬಿಡಿ. ನಿಮ್ಮ 100 ಗ್ರಾಂ ಪ್ಯಾಕೆಟ್ಟಿನ ಬೆಲೆಯನ್ನು ಅದೇ ಶೆಲ್ಫಿನ ಉಳಿದವುಗಳ ಜೊತೆ ಹೋಲಿಸಿ, ಅಂಗಡಿಯವರಿಗೆ ಉಳಿಯುವ ಮಾರ್ಜಿನ್ ಎಷ್ಟೆಂದು ನೋಡಿ. ಪಟ್ಟಿ ದೊಡ್ಡದಿದ್ದರೆ ಅವರಲ್ಲಿ ಇಪ್ಪತ್ತು ಜನಕ್ಕೆ ಫೋನ್ ಮಾಡಿ, ಯಾಕೆ ಮತ್ತೆ ಕೊಂಡಿರಿ ಎಂದು ಕೇಳಿ. ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ. ‘ಹುಣಸೆಹಣ್ಣು ಕಮ್ಮಿ ಹಾಕಿದರೂ ಸಾಕಾಗುತ್ತೆ’, ‘ಆರಿದ ಮೇಲೂ ಘಮ ಇರುತ್ತೆ’ ಇಂಥವು ಬರುತ್ತವೆ. ಹೆಚ್ಚು ಜನ ಹೇಳಿದ ಒಂದನ್ನೇ ಹಿಡಿದುಕೊಳ್ಳಿ. ರುಚಿ, ಶುಚಿ, ಅಮ್ಮನ ಕೈ, ಪರಂಪರೆ ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಯಾವುದೂ ಉಳಿಯುವುದಿಲ್ಲ.

ಬರೆದ ಸಾಲಿನಿಂದ ನಿಮ್ಮ ಹೆಸರು ತೆಗೆದು ಎದುರಾಳಿಯ ಹೆಸರು ಹಾಕಿ ನೋಡಿ. ಆಗಲೂ ಸರಿಹೊಂದಿದರೆ ಹರಿದು ಹಾಕಿ. ‘ರುಚಿಯೇ ನಮ್ಮ ಗುರುತು’ ಇಲ್ಲೇ ಬಿದ್ದುಹೋಗುತ್ತದೆ. ಆಮೇಲೆ ಪರಿಚಯದವರೊಬ್ಬರಿಗೆ ಫೋನಿನಲ್ಲಿ ಒಂದೇ ಸಲ ಓದಿ ಹೇಳಿ, ಮರುದಿನ ಕೇಳಿ. ಅವರು ಮರೆತಿದ್ದರೆ ಸಾಲು ಉದ್ದವಾಯಿತು ಎಂದರ್ಥ. ಅವರು ಅದನ್ನೇ ತಪ್ಪಾಗಿ ಹೇಳಿದರೆ, ಆ ತಪ್ಪು ಇನ್ನೂ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ನಾಲ್ಕೈದು ಪದ ಮೀರಬೇಡಿ.

ಅಚ್ಚಿನ ವಿಷಯದಲ್ಲೇ ಹೆಚ್ಚು ದುಡ್ಡು ಪೋಲಾಗುವುದು. ಪೌಚ್‌ಗೆ ಬಳಸುವ ಗ್ರಾವ್ಯೂರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್, ಅಂದರೆ ಕೆತ್ತಿದ ಲೋಹದ ಉರುಳೆ. ಕಡು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರಬೇಕೆಂದರೆ, ಆ ಹಿನ್ನೆಲೆಯನ್ನು ಕಟ್ಟುವ ಎರಡು ಮೂರು ಬಣ್ಣಗಳೂ ಕೂದಲೆಳೆ ತಪ್ಪದೆ ಕೂರಬೇಕು; ಸ್ವಲ್ಪ ಸರಿದರೂ ಸಣ್ಣ ಅಕ್ಷರದ ಒತ್ತುಗಳು ಮುಚ್ಚಿಹೋಗುತ್ತವೆ. ಸಾಲನ್ನು ತಿಳಿ ಹಿನ್ನೆಲೆಯ ಮೇಲೆ ಒಂದೇ ಕಡು ಬಣ್ಣದಲ್ಲಿ ಇಡಿಸಿ. ಮುಂದೆ ಸಾಲು ಬದಲಿಸಿದರೆ ಒಂದು ಸಿಲಿಂಡರ್ ಮಾತ್ರ ಹೊಸದಾಗುತ್ತದೆ. ಶುರುವಿಗೆ ಅದೂ ಬೇಡ: ಸಾದಾ ಪೌಚ್, ಮೇಲೆ ಸ್ಟಿಕ್ಕರ್. ಸಾಲು ಜನರ ಬಾಯಿಗೆ ಹತ್ತಿದ್ದು ಖಾತ್ರಿಯಾದ ಮೇಲೆ ಸಿಲಿಂಡರ್ ಮಾಡಿಸಿ.

‘ಶುದ್ಧ’ ಎಂಬ ಪದದ ಮೇಲೆ ಎಲ್ಲರಿಗೂ ಆಸೆ. ಜಾಹೀರಾತು ಮತ್ತು ಹೇಳಿಕೆಗಳ ಕುರಿತ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನ 2018ರ ನಿಯಮಗಳ ಪ್ರಕಾರ ಅದನ್ನು ಏನೂ ಬೆರೆಸದ ಒಂದೇ ಪದಾರ್ಥದ ಆಹಾರಕ್ಕೆ ಮಾತ್ರ ಹೇಳಬಹುದು. ಬರೀ ಅರಿಸಿನದ ಪುಡಿಗೆ ಸರಿ, ಧನಿಯಾ, ಮೆಣಸಿನಕಾಯಿ, ಮೆಂತ್ಯ, ಬೇಳೆ ಸೇರಿದ ಸಾಂಬಾರ್ ಪುಡಿಗೆ ಇಲ್ಲ. ಸಾಂಪ್ರದಾಯಿಕ, ನೈಸರ್ಗಿಕ, ಅಸಲಿ ಎಂಬವಕ್ಕೂ ಷರತ್ತುಗಳಿವೆ. ‘ನಂ. 1’ ಎಂದು ಹಾಕಿದರೆ ಆಧಾರ ಕೇಳಿದಾಗ ತೋರಿಸಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡಬೇಕು: ಸಾಲನ್ನು ಬೇರೆಯವರು ಕದ್ದರೆ ಏನು ಮಾಡುವುದು? ಕಾಪಿರೈಟ್ ಮಾಡಿಸುತ್ತೇನೆ ಎಂದು ಹೊರಡಬೇಡಿ. ಅದೇ ‘ಯೇ ದಿಲ್ ಮಾಂಗೇ ಮೋರ್’ ಬಗ್ಗೆ ಪೆಪ್ಸಿ ಮತ್ತು ಕೋಕಾ ಕೋಲಾ ನಡುವಿನ ಮೊಕದ್ದಮೆಯಲ್ಲಿ, ಜಾಹೀರಾತಿನ ಘೋಷವಾಕ್ಯಕ್ಕೆ ಮೇಲ್ನೋಟಕ್ಕೆ ಕಾಪಿರೈಟ್ ರಕ್ಷಣೆ ಇಲ್ಲ ಎಂದು ದೆಹಲಿ ಹೈಕೋರ್ಟ್ 2003ರಲ್ಲಿ ಹೇಳಿತು. ದಾರಿ ಇರುವುದು ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ. ಅರ್ಜಿ ನಮೂನೆ ಟಿಎಂ-ಎ. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಮಸಾಲೆ ಪುಡಿ ಬರುವುದು 30ನೇ ವರ್ಗದಲ್ಲಿ, ಉಪ್ಪಿನಕಾಯಿ 29ರಲ್ಲಿ. ಎರಡೂ ಮಾರುವವರು ಎರಡಕ್ಕೂ ಕಟ್ಟಬೇಕು. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ತಕರಾರು ಸಲ್ಲಿಸಲು ಬೇರೆಯವರಿಗೆ ನಾಲ್ಕು ತಿಂಗಳ ಕಾಲಾವಕಾಶ ಇರುತ್ತದೆ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಣ. ನೋಂದಣಿ ಆಗುವ ಮುನ್ನ ಟಿಎಂ ಗುರುತು ಹಾಕಬಹುದು, ವೃತ್ತದೊಳಗಿನ ಆರ್ ಹಾಕುವಂತಿಲ್ಲ.

ಸರಕನ್ನು ಬರೀ ವರ್ಣಿಸುವ ಸಾಲು ಅದೇ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ತಿರಸ್ಕೃತವಾಗುತ್ತದೆ. ದೀರ್ಘ ಬಳಕೆಯಿಂದ ಅದು ನಿಮ್ಮದೆಂದೇ ಜನ ಗುರುತಿಸುತ್ತಾರೆ ಎಂದು ತೋರಿಸಿದರೆ ಮಾತ್ರ ಅವಕಾಶ. ಆದ್ದರಿಂದ ಒಂದಕ್ಕೇ ದುಡ್ಡಿದ್ದರೆ ಈಗ ಬ್ರ್ಯಾಂಡ್ ಹೆಸರಿಗೆ ಅರ್ಜಿ ಹಾಕಿ, ಸಾಲನ್ನು ಬಳಸುತ್ತಾ ಹೋಗಿ. ಮೊದಲ ದಿನದ ಸ್ಟಿಕ್ಕರ್, ಮುದ್ರಕರ ಬಿಲ್, ಅಂಗಡಿಗೆ ಕೊಟ್ಟ ಇನ್‌ವಾಯ್ಸ್ ಎಲ್ಲವನ್ನೂ ದಿನಾಂಕ ಕಾಣುವಂತೆ ಒಂದು ಫೈಲಿನಲ್ಲಿ ಇಡಿ. ಎಂದಿನಿಂದ ಬಳಕೆಯಲ್ಲಿದೆ ಎಂದು ಅರ್ಜಿಯಲ್ಲಿ ಬರೆದರೆ ಅದಕ್ಕೆ ಪ್ರಮಾಣಪತ್ರವನ್ನೂ ಇಂಥ ದಾಖಲೆಗಳನ್ನೂ ಜೊತೆಗೆ ಲಗತ್ತಿಸಬೇಕಾಗುತ್ತದೆ.