ತೂರ್: ಮುತ್ತಿಗೆ ಎರಡು, ಓದುವ ಕೀಲಿ ಒಂದು

ಬೈಬಲಿನಲ್ಲಿ ಬರುವ ತೂರ್ ಎಂದರೆ ಸೊಲೊಮೋನನ ದೇವಾಲಯಕ್ಕೆ ದೇವದಾರು ಮರ ಕಳಿಸಿದ ಅರಸ ಹೀರಾಮನ ಊರು, ಕಡಲ ಬಸವನಹುಳುವಿನಿಂದ ತೆಗೆದ ನೇರಳೆ ಬಣ್ಣಕ್ಕೆ ಹೆಸರಾದ ಬಂದರು, ಇಂದಿನ ದಕ್ಷಿಣ ಲೆಬನಾನಿನ ಸೂರ್. ಇಷ್ಟು ಸುಲಭ. ಪಾಠ ಕಗ್ಗಂಟಾಗುವುದು ಪ್ರವಾದಿ ಯೆಹೆಜ್ಕೇಲನ ಗ್ರಂಥದಲ್ಲಿ.

ಅದರ 26ನೇ ಅಧ್ಯಾಯದ ಭವಿಷ್ಯವಾಣಿಯಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಬಂದು ತೂರಿನ ಕೋಟೆ ಒಡೆಯುತ್ತಾನೆ, ಅದರ ಐಶ್ವರ್ಯ ಸೂರೆಯಾಗುತ್ತದೆ. ಆದರೆ 29:18ರಲ್ಲಿ ಮುತ್ತಿಗೆಯಲ್ಲಿ ದುಡಿದು ಅವನ ದಂಡಿನವರ ತಲೆ ಬೋಳಾಗಿದೆ, ಹೆಗಲು ಸುಲಿದಿದೆ, ತೂರಿನಿಂದ ಕೂಲಿ ಮಾತ್ರ ದಕ್ಕಿಲ್ಲ. ಹಾಗಾದರೆ ಊರು ಬಿತ್ತೋ, ಉಳಿಯಿತೋ?

ಭೂಪಟ ತೆರೆದಿಟ್ಟುಕೊಂಡೇ ಇದನ್ನು ಓದಬೇಕು. ತೂರ್ ಅಂದರೆ ಎರಡು ನೆಲೆ. ಒಂದು ದಂಡೆಯ ಮೇಲಿನದು, ಅಶ್ಶೂರ್ಯರ ದಾಖಲೆಗಳಲ್ಲಿ ಅದು ಉಶು. ಇನ್ನೊಂದು, ದಂಡೆಯಿಂದ ಅರ್ಧ ಕಿಲೋಮೀಟರಿಗಿಂತ ತುಸು ಆಚೆ, ಕಡಲ ನಡುವಿನ ದ್ವೀಪ. ಅರಮನೆ, ಹಡಗು, ಖಜಾನೆ ಎಲ್ಲ ಅಲ್ಲಿ. 26:8ರಲ್ಲಿ ಕತ್ತಿಗೆ ತುತ್ತಾಗುವವರು ಬಯಲಿನ ‘ಕುಮಾರಿಯರು’, ಅಂದರೆ ದಂಡೆಯ ಊರುಗಳು. ಕುದುರೆ, ರಥಗಳ ದಂಡು ಅಲ್ಲಿಯವರೆಗೆ ನುಗ್ಗಬಹುದು, ಆಚೆಗೆ ನೀರು. ದ್ವೀಪಕ್ಕೆ ಹಡಗುಗಳು ಸಾಮಾನು ತರುತ್ತಲೇ ಇದ್ದರೆ ದಂಡೆಯಲ್ಲಿ ಕೂತವನು ಏನು ಮಾಡಿಯಾನು? ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಹೇಳುವಂತೆ ಮುತ್ತಿಗೆ 13 ವರ್ಷ ನಡೆಯಿತು. ಕೊನೆಗೆ ತೂರ್ ಬಾಬೆಲಿನ ಅಧೀನತೆ ಒಪ್ಪಿಕೊಂಡಿತು, ಸೂರೆ ಮಾತ್ರ ಸಿಗಲಿಲ್ಲ. ಅದಕ್ಕೇ 29:19ರಲ್ಲಿ ದಕ್ಕದ ಆ ಕೂಲಿಯ ಬದಲು ಅವನಿಗೆ ಐಗುಪ್ತ (ಈಜಿಪ್ಟ್). ಮೊದಲ ಮಾತನ್ನು ತಿದ್ದದೆ ಎರಡನ್ನೂ ಉಳಿಸಿಕೊಂಡ ಈ ಗ್ರಂಥದ ಮೇಲೆ ನನಗೆ ಗೌರವ ಹೆಚ್ಚಿದ್ದು ಇಲ್ಲೇ.

ದ್ವೀಪ ಬಿದ್ದದ್ದು ಕ್ರಿ.ಪೂ. 332ರಲ್ಲಿ, ಅಲೆಕ್ಸಾಂಡರನ ಏಳು ತಿಂಗಳ ಮುತ್ತಿಗೆಗೆ. ಹಳೆಯ ದಂಡೆಯೂರಿನ ಕಲ್ಲು, ಮರ, ಮಣ್ಣನ್ನೇ ಕಡಲಿಗೆ ಸುರಿದು ಅವನು ದಾರಿ ಕಟ್ಟಿದ. 26:12ರಲ್ಲಿ ಕಲ್ಲು, ಮರ, ಮಣ್ಣು ನೀರಿಗೆ ಬೀಳುವ ಮಾತಿದೆಯಲ್ಲ, ಹಲವರು ಅದನ್ನು ಇಲ್ಲಿಗೆ ಜೋಡಿಸುತ್ತಾರೆ. ಆದರೆ ದಾರಿಯೊಂದೇ ಸಾಲಲಿಲ್ಲ. ತೂರಿನವರು ಬೆಂಕಿಹಡಗು ನುಗ್ಗಿಸಿ ದಾರಿಯ ಮೇಲಿನ ಮುತ್ತಿಗೆ ಗೋಪುರಗಳನ್ನು ಸುಟ್ಟರು. ಗೆಲುವು ಬಂದದ್ದು ನೌಕಾಬಲ ಸೇರಿದ ಮೇಲೆ, ಆ ಹಡಗುಗಳು ಯಾರವು ನೋಡಿ: ಸೈಪ್ರಸ್, ಜೊತೆಗೆ ತೂರಿನ ನೆರೆಯ ಬಂದರುಗಳಾದ ಚೀದೋನ್, ಅರ್ವದ್, ಗೆಬಲ್. ಈಗ 27:8-9 ತೆರೆಯಿರಿ. ತೂರಿಗೆ ಹುಟ್ಟು ಹಾಕುತ್ತಿದ್ದವರು ಚೀದೋನ್, ಅರ್ವದಿನವರು. ಅದರ ಹಡಗಿನ ಬಿರುಕು ಮುಚ್ಚುತ್ತಿದ್ದವರು ಗೆಬಲಿನವರು! ಪರೀಕ್ಷೆಗೆ ಇದೊಂದನ್ನು ನೆನಪಿಟ್ಟರೂ ಎರಡು ಮುತ್ತಿಗೆಗಳ ವ್ಯತ್ಯಾಸ ಮರೆಯುವುದಿಲ್ಲ. ಬಾಬೆಲಿನವನಿಗೆ ಆ ಹಡಗುಗಳು ಸಿಕ್ಕಿರಲಿಲ್ಲ.

ಅಲೆಕ್ಸಾಂಡರನ ದಾರಿಯ ಎರಡೂ ಬದಿಗೆ ಮರಳು ತುಂಬಿ ದ್ವೀಪ ಇಂದು ದಂಡೆಗೆ ಅಂಟಿಕೊಂಡಿದೆ. ಇಂದಿನ ನಕ್ಷೆಯಲ್ಲಿ ದ್ವೀಪ ಹುಡುಕಿದರೆ ಸಿಗದಿರುವುದು ಈ ಕಾರಣಕ್ಕೆ. ಊರೂ ಅಳಿಯಲಿಲ್ಲ: ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 21ರಲ್ಲಿ ಪೌಲನ ಹಡಗು ಸರಕು ಇಳಿಸಿದ್ದು ಇದೇ ತೂರಿನಲ್ಲಿ. ಅವನು ಅಲ್ಲಿ ಶಿಷ್ಯರೊಂದಿಗೆ 7 ದಿನ ಉಳಿದ.