ಪದ ಪರಿಚಯ: ‘ವಸತಿರಹಿತ’ ಎಂದರೆ ಯಾರು?

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದ ಆಸುಪಾಸಿನಲ್ಲಿ ರಾತ್ರಿ ಹೊತ್ತು ಚಾಪೆ ಬಿಚ್ಚುವ ಕುಟುಂಬವನ್ನು ವಸತಿರಹಿತ ಕುಟುಂಬ ಎನ್ನುತ್ತೇವೆ. ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪನಿಂದ ಬಂದ ಜಾಗದಲ್ಲಿ ಸೋಗೆ ಗುಡಿಸಲು ಹಾಕಿಕೊಂಡಿರುವವರನ್ನೂ ಪಂಚಾಯಿತಿ ಪಟ್ಟಿಯಲ್ಲಿ ವಸತಿರಹಿತರೆಂದೇ ಬರೆಯುತ್ತಾರೆ. ಪದ ಒಂದೇ ಆದರೂ ಇಬ್ಬರಿಗೂ ಸಿಗುವ ನೆರವು ಬೇರೆ, ಕೇಳುವ ದಾಖಲೆ ಬೇರೆ, ಹೋಗಬೇಕಾದ ಕಚೇರಿಯೂ ಬೇರೆ. ಎರಡನೆಯವರ ಅರ್ಜಿಯನ್ನು ಮೊದಲನೆಯವರ ಕೈಯಲ್ಲಿ ತುಂಬಿಸಿ ಕೊಟ್ಟರೆ ಅದು ವರ್ಷಗಟ್ಟಲೆ ಕಡತದಲ್ಲೇ ಕೊಳೆಯುತ್ತದೆ. ಇಂಥ ಕುಟುಂಬಗಳ ಪರವಾಗಿ ಓಡಾಡುವ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಸ್ತ್ರೀಶಕ್ತಿ ಸಂಘದವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು.

ರಾಜ್ಯದಲ್ಲಿ ಬಡವರ ವಸತಿ ಯೋಜನೆಗಳನ್ನು ನಡೆಸುವುದು 2000ದಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರಿನಲ್ಲಿ ಗ್ರಾಮೀಣ ಎಂದಿದ್ದರೂ ಪಟ್ಟಣಗಳ ಯೋಜನೆಗಳೂ ಅದರ ಕೈಯಲ್ಲಿವೆ. ಈ ಯೋಜನೆಗಳ ಲೆಕ್ಕದಲ್ಲಿ ವಸತಿರಹಿತ ಎಂದರೆ ನಿವೇಶನ ಇದ್ದು ವಾಸಯೋಗ್ಯ ಮನೆ ಇಲ್ಲದವರು. ನಿವೇಶನವೇ ಇಲ್ಲದವರನ್ನು ‘ನಿವೇಶನರಹಿತ’ರು ಎಂದು ಬೇರೆ ಪಟ್ಟಿಗೆ ಸೇರಿಸುತ್ತಾರೆ. ಬಸವ ವಸತಿ, ಪರಿಶಿಷ್ಟರಿಗಾಗಿ ಇರುವ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ಕೇಂದ್ರದ ಪ್ರಧಾನಮಂತ್ರಿ ಆವಾಸ್, ಹೀಗೆ ಮನೆ ಕಟ್ಟಲು ಸಹಾಯಧನ ಕೊಡುವ ಯೋಜನೆಗಳು ಜಾಗ ತೋರಿಸಿದವರ ಕಡೆಗೇ ಹರಿಯುತ್ತವೆ. ಜಾಗ ತೋರಿಸುವುದೆಂದರೆ ಬೆರಳು ಮಾಡಿ ತೋರಿಸುವುದಲ್ಲ. ಹಳ್ಳಿಯಲ್ಲಾದರೆ ಹಕ್ಕುಪತ್ರ ಅಥವಾ ಇ-ಸ್ವತ್ತಿನ (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆಯ) ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಆಸ್ತಿಯ ಖಾತೆ ಬೇಕು. ಬೀದಿಯಲ್ಲಿರುವ ಕುಟುಂಬಕ್ಕೆ ಇದ್ಯಾವುದೂ ಇರುವುದಿಲ್ಲ. ಹಾಗಾಗಿ ಅವರ ಹೆಸರು ಮೊದಲು ಸೇರಬೇಕಾದದ್ದು ನಿವೇಶನರಹಿತರ ಪಟ್ಟಿಗೆ. ಹಳ್ಳಿಯಲ್ಲಿ ಆ ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ; ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮುಂದೆ.

ನಗರ ಪಾಲಿಕೆಗೆ ಬಂದರೆ ಇದೇ ಪದಕ್ಕೆ ಇನ್ನೊಂದು ಅರ್ಥ. ನಗರ ವಸತಿರಹಿತರ ಆಶ್ರಯ ಕೇಂದ್ರ ಎಂಬ ಫಲಕದ ಮೇಲಿರುವ ವಸತಿರಹಿತ ಎಂದರೆ ತಲೆಯ ಮೇಲೆ ಸೂರಿಲ್ಲದವರು. ಜನಗಣತಿಯವರು ‘ಮನೆಯಿಲ್ಲದವರು’ ಎಂದು ಎಣಿಸುವುದೂ ಇವರನ್ನೇ: ರಸ್ತೆ ಬದಿ, ಮೇಲ್ಸೇತುವೆ ಕೆಳಗೆ, ಸಿಮೆಂಟ್ ಕೊಳವೆಯೊಳಗೆ, ದೇವಸ್ಥಾನದ ಮಂಟಪದಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ದಿನ ದೂಡುವವರು. 2011ರ ಗಣತಿಯಲ್ಲಿ ದೇಶದಲ್ಲಿ ಇಂಥವರು 17.7 ಲಕ್ಷ. ಕೇಂದ್ರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ತಲಾ 50 ಚದರಡಿ ಜಾಗ ಸಿಗಬೇಕು, ವರ್ಷವಿಡೀ ದಿನದ 24 ಗಂಟೆಯೂ ಬಾಗಿಲು ತೆರೆದಿರಬೇಕು ಎನ್ನುತ್ತದೆ. 2011ರಲ್ಲಿ ಮೈಸೂರು ನಗರದ ಜನಸಂಖ್ಯೆ 9 ಲಕ್ಷದ ಹತ್ತಿರ ಇತ್ತು. ಆ ಲೆಕ್ಕಕ್ಕೇ ಸುಮಾರು ಒಂಬತ್ತು ಕೇಂದ್ರ ಬೇಕು. ಕುಟುಂಬವನ್ನು ಕಳಿಸುವ ಮುನ್ನ ಒಂದು ವಿಷಯ ವಿಚಾರಿಸಿಕೊಳ್ಳಿ: ಅಲ್ಲಿ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಇರಬಹುದೇ? ಗಂಡಸರಿಗೆ ಮಾತ್ರ ಮೀಸಲಾದ ಕೇಂದ್ರಕ್ಕೆ ಹೋದ ಕುಟುಂಬ ಮರುರಾತ್ರಿಯೇ ಬೀದಿಗೆ ವಾಪಸಾಗುತ್ತದೆ.

ಮೂರನೆಯ ಪದ ‘ನಿರಾಶ್ರಿತ’. ಕೇಳಲು ಹತ್ತಿರದ್ದಾದರೂ ಇದರ ದಾರಿಯೇ ಬೇರೆ. ನಿರಾಶ್ರಿತರ ಪರಿಹಾರ ಕೇಂದ್ರಗಳು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಶೇ 3ರ ಭಿಕ್ಷುಕರ ಉಪಕರ ಇವಕ್ಕೆ ಹೋಗುತ್ತದೆ. ಕೂಲಿ ಮಾಡಿ ಬದುಕುವ, ಮಕ್ಕಳನ್ನು ಶಾಲೆಗೆ ಕಳಿಸುವ ಕುಟುಂಬ ಭಿಕ್ಷುಕರ ಕುಟುಂಬ ಅಲ್ಲ. ಅರ್ಜಿಯಲ್ಲಿ ‘ನಿರಾಶ್ರಿತರು’ ಎಂದು ಕರುಣೆಯಿಂದ ಬರೆದುಕೊಟ್ಟರೂ ಅದು ಅವರನ್ನು ತಪ್ಪು ಬಾಗಿಲಿಗೆ ತಳ್ಳುತ್ತದೆ. ದಯವಿಟ್ಟು ಆ ಪದ ಬರೆಯಬೇಡಿ.

ಇನ್ನು ಸರ್ಕಾರದ ಹಣ ಬರುತ್ತಿದ್ದರೂ ಸೂರು ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ. ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಚಾಲನೆ ಸಿಕ್ಕಿದ್ದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ. ತಿಂಗಳಿಗೆ 2,000 ರೂಪಾಯಿ. ಗಂಡ ತೀರಿಹೋದ ಹೆಣ್ಣುಮಗಳಿಗೆ ವಿಧವಾ ವೇತನ 800 ಸೇರಿದರೆ 2,800. ಪಡಿತರದ ಅಕ್ಕಿ ಬಂದರೆ ಊಟದ ಖರ್ಚು ಅರ್ಧ ಇಳಿಯುತ್ತದೆ. ಕೂಲಿಯನ್ನೂ ಸೇರಿಸಿದರೆ ಸಣ್ಣ ಕೋಣೆಯೊಂದರ ಬಾಡಿಗೆ ಕೈಮೀರಿದ್ದೇನಲ್ಲ. ಕೈಮೀರುವುದು ಅಡ್ವಾನ್ಸ್. ಬಾಡಿಗೆ 3,000 ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ 30,000 ರೂಪಾಯಿ ಒಂದೇ ಸಲ ಬೇಕು. ಆದ್ದರಿಂದ ದಾನಿಗಳು, ಸಂಘಗಳು ನೆರವಾಗುವುದಾದರೆ ಪ್ರತಿ ತಿಂಗಳು ರೇಷನ್ ಕಿಟ್ ಕೊಡುವುದಕ್ಕಿಂತ ಒಮ್ಮೆ ಅಡ್ವಾನ್ಸ್ ಕಟ್ಟಿಕೊಡುವುದು ಹೆಚ್ಚು ಉಪಕಾರ. ಕರಾರಿನಲ್ಲಿ ಅಡ್ವಾನ್ಸಿನ ಮೊತ್ತ, ಮನೆ ಬಿಡುವಾಗ ಎಷ್ಟು ದಿನದಲ್ಲಿ ವಾಪಸು, ಸುಣ್ಣಬಣ್ಣಕ್ಕೆ ಎಷ್ಟು ಮುರಿದುಕೊಳ್ಳಬಹುದು, ಮೂರನ್ನೂ ಬರೆಸಬೇಕು.

ನಮ್ಮ ಕಡೆ ಭೋಗ್ಯದ ಆಸೆಯೂ ದೊಡ್ಡದು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಪೂರ್ತಿ ಹಣ ವಾಪಸು. ಬಡ ಕುಟುಂಬ ಸಂಘದಲ್ಲಿ ಸಾಲ ಎತ್ತಿ ಭೋಗ್ಯಕ್ಕೆ ಹಾಕಿಕೊಳ್ಳುವುದು ಅಪಾಯದ ಕೆಲಸ. ಮಾಲೀಕರು ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ, ಅವರು ಕಂತು ಕಟ್ಟದ ದಿನ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಭೋಗ್ಯದವರು ಹಣವನ್ನೂ ಮನೆಯನ್ನೂ ಕಳೆದುಕೊಳ್ಳುತ್ತಾರೆ. ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಬೇಕು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ಪಡೆದದ್ದು ಅದರಲ್ಲಿ ಕಾಣದೇ ಹೋಗಬಹುದು. ಹಾಗಾಗಿ ಜೆರಾಕ್ಸ್ ನೋಡಿ ಒಪ್ಪಿಕೊಳ್ಳದೆ ಮೂಲ ಪತ್ರವನ್ನೇ ತೋರಿಸಿ ಎನ್ನಬೇಕು. ಒಂದು ವರ್ಷ ಮೀರುವ ಕರಾರು ನೋಂದಣಿ ಆಗಲೇಬೇಕು. ಬರೀ ಛಾಪಾ ಕಾಗದದ ಮೇಲೆ ಮೂರು ವರ್ಷಕ್ಕೆ ಸಹಿ ಹಾಕಿಸಿಕೊಂಡರೆ ನ್ಯಾಯಾಲಯದಲ್ಲಿ ಅದಕ್ಕೆ ಬಲ ಕಡಿಮೆ.

ಯಾವ ದಾರಿ ಹಿಡಿದರೂ ಮೊದಲ ಮೆಟ್ಟಿಲು ವಿಳಾಸ. ವಿಳಾಸ ಇಲ್ಲದೆ ಆಧಾರ್ ತಿದ್ದುಪಡಿ ಇಲ್ಲ, ಆಧಾರ್ ಇಲ್ಲದೆ ಪಡಿತರ ಚೀಟಿ ಇಲ್ಲ, ಚೀಟಿ ಇಲ್ಲದೆ ಗೃಹಲಕ್ಷ್ಮಿಯೂ ಇಲ್ಲ, ವಸತಿ ಯೋಜನೆಯೂ ಇಲ್ಲ. ಇಲ್ಲಿ ಬಹಳ ಜನರಿಗೆ ತಿಳಿಯದ ಎರಡು ಅವಕಾಶಗಳಿವೆ. ಒಂದು, ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಫೋಟೊ ಅಂಟಿಸಿ, ಸಹಿ ಮತ್ತು ಮೊಹರು ಹಾಕಿ ಕೊಡುವ ಪ್ರಮಾಣ ಪತ್ರ ವಿಳಾಸಕ್ಕೆ ಆಧಾರವಾಗುತ್ತದೆ. ಅದೇ ನಮೂನೆಯಲ್ಲಿ ಶಾಸಕರೂ, ಪಾಲಿಕೆ ಸದಸ್ಯರೂ, ತಹಶೀಲ್ದಾರರೂ ಕೊಡಬಹುದು. ಈ ಪತ್ರದ ಆಯುಷ್ಯ ಮೂರೇ ತಿಂಗಳು. ಸಹಿಯಾದ ವಾರದಲ್ಲೇ ಆಧಾರ್ ಕೇಂದ್ರಕ್ಕೆ ಹೋಗಬೇಕು. ಮೊಹರು ಫೋಟೊದ ಮೇಲೂ ಕಾಗದದ ಮೇಲೂ ಅರ್ಧರ್ಧ ಬೀಳುವಂತೆ ಹಾಕಿಸಿ.

ಎರಡನೆಯದು ಮತದಾರರ ಚೀಟಿ. ಸೂರಿಲ್ಲದವರು ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ರಾತ್ರಿ ಹೊತ್ತು ಅಲ್ಲಿಗೆ ಬಂದು, ಅವರು ನಿಜಕ್ಕೂ ಅಲ್ಲೇ ಮಲಗುತ್ತಾರೆಯೇ ಎಂದು ನೋಡುತ್ತಾರೆ. ಒಂದಕ್ಕಿಂತ ಹೆಚ್ಚು ರಾತ್ರಿ ಬರಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ. ಕಂಡರೆ ಸಾಕು, ಬೇರೆ ವಿಳಾಸ ಪುರಾವೆ ಬೇಡ. ಆದ್ದರಿಂದ ‘ಬಸ್ ನಿಲ್ದಾಣ, ಮೈಸೂರು’ ಎಂದು ಬರೆದರೆ ಸಾಲದು. ಯಾವ ಗೇಟಿನ ಪಕ್ಕ, ಯಾವ ಅಂಗಡಿಯ ಮುಂದೆ, ರಾತ್ರಿ ಎಷ್ಟು ಗಂಟೆಯ ನಂತರ ಸಿಗುತ್ತಾರೆ ಎಂಬುದನ್ನು ಅಧಿಕಾರಿಗೆ ತಿಳಿಸಿ. ಆ ವಾರ ಕುಟುಂಬ ಕಬ್ಬು ಕಡಿಯಲು ಮಂಡ್ಯದ ಕಡೆ ಹೋಗಿದ್ದರೆ ‘ಸ್ಥಳದಲ್ಲಿ ಇಲ್ಲ’ ಎಂದು ಅರ್ಜಿ ವಜಾ ಆಗುತ್ತದೆ.

ಪಡಿತರ ಚೀಟಿಯಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕು ಬೇರೆಯದು. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲೇ ಇರುತ್ತದೆ. ಯಜಮಾನಿ ಅತ್ತೆ, ಗೃಹಲಕ್ಷ್ಮಿ ಹಣವೂ ಅತ್ತೆಯ ಖಾತೆಗೆ. ಮೊದಲು ಆ ಚೀಟಿಯಿಂದ ತಾಯಿ, ಮಕ್ಕಳ ಹೆಸರು ತೆಗೆಸಿ ಆಮೇಲೆ ಹೊಸ ಚೀಟಿಗೆ ಅರ್ಜಿ ಹಾಕಬೇಕು. ತೆಗೆಸದೆ ಹಾಕಿದ ಅರ್ಜಿ ಆಧಾರ್ ಸಂಖ್ಯೆ ಈಗಾಗಲೇ ಇದೆ ಎಂದು ತಿರಸ್ಕೃತವಾಗುತ್ತದೆ. ಇದರ ಜೊತೆಗೆ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣ ಪತ್ರ ಮಾಡಿಸಿ ಅವುಗಳ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ವಸತಿ ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಟಾರ್ಪಾಲಿನ ಕೆಳಗೆ ಇಟ್ಟ ಕಾಗದ ಒಂದು ಮಳೆಗೆ ಹಿಟ್ಟಾಗುತ್ತದೆ. ಎಲ್ಲವನ್ನೂ ಫೋನಿನಲ್ಲಿ ಫೋಟೊ ತೆಗೆದು, ಡಿಜಿಲಾಕರ್‌ಗೂ ಹಾಕಿ, ಮೂಲ ಪ್ರತಿಯನ್ನು ನಂಬಿಕಸ್ಥರ ಮನೆಯಲ್ಲಿ ಇಡಿಸುವುದು ಒಳ್ಳೆಯದು. ಯಾವ ಅರ್ಜಿ ಕೊಟ್ಟರೂ ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ನಿಗದಿತ ದಿನದೊಳಗೆ ಕೆಲಸ ಮಾಡಿಕೊಡಬೇಕೆನ್ನುವ ‘ಸಕಾಲ’ದ ವ್ಯಾಪ್ತಿಯ ಸೇವೆಯಾದರೆ, ಅರ್ಜಿ ಎಲ್ಲಿದೆ ಎಂದು ನೋಡಲು ಬೇಕಾದ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ.

ಕುಟುಂಬ ಅಲೆಮಾರಿ ಸಮುದಾಯದ್ದಾಗಿದ್ದರೆ, ಅಥವಾ ಅಂಗವಿಕಲರು, ವಿಧವೆಯರು, ಪೌರಕಾರ್ಮಿಕರು, ಲಿಂಗತ್ವ ಅಲ್ಪಸಂಖ್ಯಾತರು ಇದ್ದರೆ ದೇವರಾಜ ಅರಸು ವಸತಿ ಯೋಜನೆಯನ್ನು ಹೆಸರು ಹೇಳಿಯೇ ಕೇಳಬೇಕು. ಹುಣಸೂರು ತಾಲ್ಲೂಕಿನ ಅರಸರ ಹೆಸರಿನ ಈ ಯೋಜನೆ ವಿಶೇಷ ವರ್ಗಗಳಿಗೆಂದೇ ಇದೆ. ಗ್ರಾಮಸಭೆಯಲ್ಲಿ ಇವರ ಪರ ಕೈ ಎತ್ತುವವರು ಕಡಿಮೆ. ಪಂಚಾಯಿತಿಯಲ್ಲಿ ‘ಕೋಟಾ ಮುಗಿಯಿತು’ ಎಂದರೆ ಸುಮ್ಮನೆ ಹಿಂತಿರುಗದೆ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ಮನವಿ ಕೊಡಿ. ಸರ್ಕಾರಿ ಕಂದಾಯ ಭೂಮಿಯಲ್ಲಿ ಹಿಂದಿನಿಂದಲೂ ಮನೆ ಕಟ್ಟಿಕೊಂಡಿರುವವರಿಗೆ ಭೂಕಂದಾಯ ಕಾಯ್ದೆಯ 94ಸಿ, ಪಟ್ಟಣದಲ್ಲಾದರೆ 94ಸಿಸಿ ಅಡಿ ಸಕ್ರಮದ ದಾರಿ ಇದೆ. ಆದರೆ ವಿಶ್ವೇಶ್ವರಯ್ಯ ನಾಲೆಯ ಏರಿ, ಕೆರೆ ಅಂಗಳ, ರಾಜಕಾಲುವೆ ಬದಿಯ ಗುಡಿಸಲಿಗೆ ಅದು ಅನ್ವಯಿಸುವುದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ನಾಲೆ ಏರಿಯ ಮೇಲಿರುವವರಿಗೆ 94ಸಿ ಅರ್ಜಿ ತುಂಬಿಸಿ ಕಾಯಿಸುವುದು ಅವರಿಗೆ ಮಾಡುವ ಅನ್ಯಾಯ. ಅವರಿಗೆ ಬೇಕಾದದ್ದು ಬೇರೆ ಕಡೆ ನಿವೇಶನ.

ನಿವೇಶನ ಸಿಕ್ಕಿ ಮನೆ ಮಂಜೂರಾದ ಮೇಲೆ ಕಾಯುವ ಕಷ್ಟ ಇನ್ನೊಂದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ ನಿಗದಿಯಾದ ಸಹಾಯಧನ 1.20 ಲಕ್ಷ, ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಅಡುಗೆ ಜಾಗ ಸೇರಿ ಸುಮಾರು 270 ಚದರಡಿ. ಹಣ ಬರುವುದು ಕಂತಿನಲ್ಲಿ. ರಾಜ್ಯದ ಯೋಜನೆಗಳಲ್ಲೂ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಗಳಿದ್ದು, ಪ್ರತಿ ಹಂತದ ಜಿಪಿಎಸ್ ಫೋಟೊ ಆದಮೇಲೆ ಬಿಲ್ ಆಗುತ್ತದೆ. ಅಂದರೆ ತಳಪಾಯದ ಕಲ್ಲು, ಸಿಮೆಂಟು, ಮೇಸ್ತ್ರಿ ಕೂಲಿ ಮೊದಲು ಕುಟುಂಬದ ಕೈಯಿಂದ ಹೋಗಬೇಕು. ಕೂಡಿಟ್ಟ ಹಣ ಇಲ್ಲದವರು ಇಲ್ಲೇ ಸಿಕ್ಕಿಬೀಳುತ್ತಾರೆ: ಬಡ್ಡಿ ಸಾಲ ತರುತ್ತಾರೆ, ಇಲ್ಲವೇ ಗಡುವು ಮೀರಿ ಮನೆ ‘ಬ್ಲಾಕ್’ ಆಗುತ್ತದೆ. ನೆರವಾಗುವವರ ಹಣಕ್ಕೆ ಅಡ್ವಾನ್ಸಿನ ನಂತರ ಸರಿಯಾದ ಎರಡನೆಯ ಜಾಗ ಈ ತಳಪಾಯ. ಬಿಲ್ ಬಂದಾಗ ಹಿಂತಿರುಗಿಸುವ ಕೈಗಡವಾಗಿ ಕೊಟ್ಟರೂ ಸಾಕು. ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿಸಿ. ಹಳೆಯ, ಮರೆತುಹೋದ ಖಾತೆಗೆ ಜೋಡಣೆಯಾಗಿದ್ದರೆ ಕಂತು ಅಲ್ಲಿಗೆ ಹೋಗಿ ಕೂರುತ್ತದೆ.

ಮನೆ ಬದಲಾದ ತಿಂಗಳಲ್ಲೇ ಪಡಿತರ ಚೀಟಿ, ಆಧಾರ್, ಪಿಂಚಣಿಯ ವಿಳಾಸವನ್ನೂ ಬದಲಿಸಬೇಕು. ಬಾಡಿಗೆ ಮನೆಯಾದರೆ ಹಿಂದಿನ ಬಾಡಿಗೆದಾರರ ಗೃಹಜ್ಯೋತಿ (ಉಚಿತ ವಿದ್ಯುತ್) ಜೋಡಣೆ ತೆಗೆದಿದೆಯೇ ಎಂದು ಮಾಲೀಕರನ್ನು ಕೇಳಿ, ಮೀಟರಿನ ಆರ್.ಆರ್. ಸಂಖ್ಯೆಗೆ ಹೊಸಬರ ಹೆಸರು ಜೋಡಿಸಿ. ಸ್ವಂತ ಜಾಗವಾದರೆ ಹಕ್ಕುಪತ್ರ ಕೈಗೆ ಬಂದಿತೆಂದು ಪೆಟ್ಟಿಗೆಯಲ್ಲಿಟ್ಟು ಕೂರದೆ, ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಮನೆಯೊಡತಿಯ ಹೆಸರಿಗೆ ಖಾತೆ ಮಾಡಿಸಿ ಕಂದಾಯದ ರಸೀದಿ ಪಡೆಯಬೇಕು. ಖಾತೆಯಾಗದ ನಿವೇಶನದಲ್ಲಿ ಆಕೆ ತೀರಿಕೊಂಡರೆ ಮಕ್ಕಳು ಪೌತಿ ಖಾತೆಗೆ, ಅಂದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅಲೆಯಬೇಕಾಗುತ್ತದೆ, ಅಷ್ಟರಲ್ಲಿ ಆ ಜಾಗದ ಮೇಲೆ ಇನ್ನೊಬ್ಬರು ಹಕ್ಕು ಹೇಳಿಕೊಂಡು ಬಂದಿರುತ್ತಾರೆ.