ಹಳೇ ಎಕ್ಸ್‌ರೇ ಐತೇನ್ರೀ?

ದಾವಣಗೆರೆಯಲ್ಲಿ ಮೂಳೆ ಡಾಕ್ಟರ ಬಾಗಿಲಲ್ಲಿ ಕೂತವರ ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಕವರ್ ಇದ್ದರೆ ಒಳಗಿರುವುದು ಸೀರೆಯಲ್ಲ, ಎಕ್ಸ್‌ರೇ. ಸೊಂಟದ ಕೀಲು ಬದಲಿಸಿಕೊಂಡು ಎಂಟು ವರ್ಷವಾದ ಜಗಳೂರು ಕಡೆಯ ನಮ್ಮ ಮಾವನಿಗೆ ತೊಡೆಸಂದಿಯಲ್ಲಿ ನೋವು ಶುರುವಾದಾಗ ಡಾಕ್ಟರು ಮೊದಲು ಕೇಳಿದ್ದೇ, "ಆಪರೇಷನ್ ಆದಾಗ ತೆಗೆಸಿದ್ದು ಐತೇನ್ರೀ?" ಇರಲಿಲ್ಲ. ಸೂರ್ಯಗ್ರಹಣ ನೋಡಲು ಮೊಮ್ಮಕ್ಕಳು ಅದನ್ನು ಕತ್ತರಿಸಿದ್ದರು. (ಎಕ್ಸ್‌ರೇ ಫಿಲ್ಮಿನಲ್ಲಿ ಗ್ರಹಣ ನೋಡಿದರೆ ಕಣ್ಣಿಗೂ ಕೇಡು.)

ಈ ಪ್ರಶ್ನೆಯ ಬೇರು ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಅವರವರೆಗೆ ಹೋಗುತ್ತದೆ. 1950ರ ದಶಕದ ಕೊನೆಗೆ ಅವರು ಕೃತಕ ಕೀಲಿನಲ್ಲಿ ತೊಡೆಮೂಳೆಯ ಗುಂಡು ಕೂರುವ ಬಟ್ಟಲಿಗೆ ಆರಿಸಿದ್ದು ಟೆಫ್ಲಾನ್, ಇವತ್ತು ನಮ್ಮ ದೋಸೆ ತವಾ ಮೇಲಿರುವುದೇ. ರೋಗಿಗಳು ಎದ್ದು ಓಡಾಡಿದರು. ಕೆಲವೇ ವರ್ಷಗಳಲ್ಲಿ ಲೋಹದ ಗುಂಡು ಬಟ್ಟಲನ್ನು ಕೊರೆದು ಮೇಲೇರಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಸವೆದ ಪುಡಿ ಸುತ್ತಲಿನ ಮಾಂಸ, ಮೂಳೆಯನ್ನೂ ಕೆಡಿಸಿತ್ತು. ಚಾರ್ನ್ಲಿ ಟೆಫ್ಲಾನ್ ಪುಡಿಯನ್ನೂ ಪಾಲಿಥಿನ್ ಪುಡಿಯನ್ನೂ ತಮ್ಮ ತೊಡೆಗೇ ಚುಚ್ಚಿಕೊಂಡರು! ಟೆಫ್ಲಾನ್ ಹೊಕ್ಕ ಕಡೆ ಗಂಟು ಕಟ್ಟಿತು, ಪಾಲಿಥಿನ್ ಹೊಕ್ಕ ಕಡೆ ಏನೂ ಆಗಲಿಲ್ಲ. 1962ರಿಂದ ಅವರು ಗಟ್ಟಿ ಪಾಲಿಥಿನ್ ಬಟ್ಟಲಿಗೆ ಬದಲಾದರು.

ಅದೂ ಸವೆಯುತ್ತದೆ, ನಿಧಾನಕ್ಕೆ. ಪುಡಿಯನ್ನು ನುಂಗಲು ಬಂದ ಜೀವಕೋಶಗಳು ಮೂಳೆ ಕರಗುವಂತೆ ಮಾಡುತ್ತವೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಟೊಳ್ಳು ಬಿದ್ದಿರಬಹುದು. ಫಿಲ್ಮಿನಲ್ಲಿ ಇದರ ಸುಳಿವು ಮೂಳೆಗೂ ಕೀಲನ್ನು ಅದಕ್ಕೆ ಅಂಟಿಸಿದ ಸಿಮೆಂಟಿಗೂ ನಡುವಿನ ಒಂದು ಕಪ್ಪು ಗೆರೆ. ಗೆರೆ ಇದ್ದ ಮಾತ್ರಕ್ಕೆ ಕೀಲು ಸಡಿಲವಾಗಿದೆ ಎನ್ನುವಂತಿಲ್ಲ. ಎರಡು ಮಿಲಿಮೀಟರ್ ದಾಟಿ, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅನುಮಾನ ಗಟ್ಟಿ. 1979ರಲ್ಲಿ ಸಂಶೋಧಕ ಗ್ರುಯೆನ್ ಮತ್ತು ಜೊತೆಗಾರರು ತೊಡೆಮೂಳೆಯೊಳಗೆ ಇಳಿಸಿದ ಕೀಲಿನ ದಂಡದ ಸುತ್ತ ಹೊಲಕ್ಕೆ ಬದು ಹಾಕಿದಂತೆ 7 ವಲಯ ಗುರುತಿಸಿದರು. ಗೆರೆ ಯಾವ ವಲಯದಲ್ಲಿ ಹುಟ್ಟಿತು, ಎತ್ತ ಹಬ್ಬಿತು ಎಂದು ಲೆಕ್ಕ ಇಡಲು ದಾರಿಯಾಯಿತು. ಹಳೆಯ ಫಿಲ್ಮಿಲ್ಲದೆ ಈ ಲೆಕ್ಕ ಶುರುವಾಗುವುದೇ ಇಲ್ಲ.

ಟೊಳ್ಳು ಎಷ್ಟು ಆಳ ಎಂಬುದನ್ನು ಸಿ.ಟಿ. ಚೆನ್ನಾಗಿ ತೋರಿಸುತ್ತದೆ. ಎಂಆರ್‌ಐಗೆ ಲೋಹವೇ ಶತ್ರು, ಚಿತ್ರವನ್ನೆಲ್ಲ ಕಲಸಿಬಿಡುತ್ತದೆ. ಆದರೆ 2010ರ ಆಗಸ್ಟಿನಲ್ಲಿ ಡಿಪ್ಯೂ ಕಂಪನಿ ಲೋಹಕ್ಕೆ ಲೋಹ ತಿಕ್ಕುವ ಎಎಸ್‌ಆರ್ ಕೀಲನ್ನು ಜಗತ್ತಿನೆಲ್ಲೆಡೆಯಿಂದ ಹಿಂಪಡೆದಾಗ ಎಂಆರ್‌ಐಯೇ ಬೇಕಾಯಿತು. ಅಂಥ ಕೀಲಿನ ಸುತ್ತ ಮಾಂಸದಲ್ಲಿ ಗಡ್ಡೆ ಬೆಳೆದಿದ್ದರೂ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಲೋಹದ ಕಲಸನ್ನು ತಗ್ಗಿಸುವ ಎಂಆರ್‌ಐ ವಿಧಾನಗಳಿಗೆ ಆಗ ಬೆಲೆ ಬಂತು. ಸೋಂಕಿನ ಅನುಮಾನವಿದ್ದರೆ ಮಾತ್ರ ಚಿತ್ರ ಸಾಲದು, ಸೂಜಿ ಹಾಕಿ ನೀರು ತೆಗೆದು ನೋಡಬೇಕು.

ಮಾವನಿಗೆ ಹೊಸ ಎಕ್ಸ್‌ರೇ ತೆಗೆಸಿದರು. ಗೆರೆ ಇತ್ತು, ಸಣ್ಣದು. "ಇದನ್ನೇ ಮೊದಲನೇದು ಅಂದ್ಕೊಳ್ಳೋಣ, ಆರು ತಿಂಗಳು ಬಿಟ್ಟು ಬನ್ನಿ," ಎಂದರು ಡಾಕ್ಟರು. ಫಿಲ್ಮೀಗ ಟ್ರಂಕಿನಲ್ಲಿದೆ, ಪಹಣಿ ಪತ್ರಗಳ ಕೆಳಗೆ. ಬೀಗದ ಕೈ ಮಾವನ ಉಡಿದಾರದಲ್ಲಿ.